ಹತ್ತನೇ ಕ್ಲಾಸ್ ಪಾಸಾದ ವೆಲ್ಡರ್‌ಗೂ ರಕ್ಷಣೆ ಬೇಕು: ಕೇಂದ್ರ, ರಾಜ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ವಿದೇಶಾಂಗ ವ್ಯವಹಾರಗಳ ಸಚಿವರು, ಭಾರತ ಸರ್ಕಾರ, ನವದೆಹಲಿ
ಮಾನ್ಯ ಕೌಶಲ್ಯಾಭಿವೃದ್ಧಿ ಸಚಿವರು, ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಕೊಲ್ಲಿ ದೇಶಗಳ ತೈಲ, ಅನಿಲ ಮತ್ತು ಪೈಪ್‌ಲೈನ್ ಕೆಲಸಗಳಿಗೆ ಹೋಗುವ ಕುಶಲ ಕಾರ್ಮಿಕರ ನೇಮಕಾತಿ ಹಾಗೂ ರಕ್ಷಣೆ

ಮಾನ್ಯರೇ,

ನಾನು ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ಚಿಕ್ಕದೊಂದು ಫ್ಯಾಬ್ರಿಕೇಶನ್ ಶೆಡ್ ನಡೆಸುವವನು. ಅದಕ್ಕೂ ಮೊದಲು ಸೌದಿ ಅರೇಬಿಯಾದ ಪೂರ್ವ ಪ್ರಾಂತ್ಯದಲ್ಲಿ ಬಹಳ ವರ್ಷ ವೆಲ್ಡರ್ ಆಗಿ, ಆಮೇಲೆ ವೆಲ್ಡಿಂಗ್ ಫೋರ್‌ಮನ್ ಆಗಿ ದುಡಿದೆ. ಗಲ್ಫಿಗೆ ಹೊರಟ ಹುಡುಗರು ಟ್ರೇಡ್ ಟೆಸ್ಟಿಗೆ ಮುಂಚೆ ಕೈ ಪಳಗಿಸಿಕೊಳ್ಳಲು ನನ್ನ ಶೆಡ್ಡಿಗೆ ಬರುತ್ತಾರೆ. ಸುರತ್ಕಲ್, ಮೂಲ್ಕಿ, ಕಾಪು ಕಡೆಯವರು ಹೆಚ್ಚು. ಈಚೆಗೆ ಕಲಬುರಗಿ, ರಾಯಚೂರಿನಿಂದಲೂ ಬರುತ್ತಿದ್ದಾರೆ. ಅವರು ಹೇಗೆ ಹೋಗುತ್ತಾರೆ, ಯಾರ ಕೈಗೆ ಎಷ್ಟು ದುಡ್ಡು ಕೊಟ್ಟು ಹೋಗುತ್ತಾರೆ, ಹೋದ ಮೇಲೆ ಏನಾಗುತ್ತದೆ ಎನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ. ಅದಕ್ಕಾಗಿ ಈ ಪತ್ರ.

ನನ್ನ ದೂರು ಮುಖ್ಯವಾಗಿ ಒಂದೇ. ವಿದೇಶಕ್ಕೆ ದುಡಿಯಲು ಹೋಗುವವರನ್ನು ಕಾಪಾಡಲು ನಮ್ಮ ದೇಶದಲ್ಲಿ ಕಾನೂನಿದೆ, ಕಚೇರಿಗಳಿವೆ, ಕರಾರು ದಾಖಲಿಸುವ ಇ-ಮೈಗ್ರೇಟ್ ಎಂಬ ಆನ್‌ಲೈನ್ ವ್ಯವಸ್ಥೆ ಇದೆ, ವಿಮೆ ಇದೆ. ಆದರೆ ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಇವು ಯಾವುವೂ ಕಡ್ಡಾಯವಲ್ಲ. ತೈಲ ಕ್ಷೇತ್ರದ ಕೆಲಸಕ್ಕೆ ಹೋಗುವ ನಮ್ಮ ವೆಲ್ಡರ್, ಪೈಪ್ ಫಿಟ್ಟರ್, ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್‌ಗಳಲ್ಲಿ ಹೆಚ್ಚಿನವರು ಎಸ್ಸೆಸ್ಸೆಲ್ಸಿ ಪಾಸಾದವರೇ.

ಅಲ್ಲಿ ನಡೆಯುತ್ತಿರುವ ಕೆಲಸ ಎಷ್ಟು ದೊಡ್ಡದು ಎಂದು ಮೊದಲು ಹೇಳುತ್ತೇನೆ. ಸೌದಿಯ ಜಫುರಾ ಅನಿಲ ಕ್ಷೇತ್ರವೊಂದೇ ಸುಮಾರು 17,000 ಚದರ ಕಿಲೋಮೀಟರ್ ಹರಡಿಕೊಂಡಿದೆ. 2024ರ ಜೂನ್‌ನಲ್ಲಿ ಸೌದಿಯ ಸರ್ಕಾರಿ ತೈಲ ಕಂಪನಿ ಅರಾಮ್ಕೊ ಜಫುರಾದ ಎರಡನೇ ಹಂತಕ್ಕೂ ದೇಶದ ಅನಿಲ ಜಾಲದ ವಿಸ್ತರಣೆಗೂ ಸೇರಿಸಿ 2,500 ಕೋಟಿ ಡಾಲರ್‌ಗಿಂತ ಹೆಚ್ಚಿನ ಗುತ್ತಿಗೆಗಳನ್ನು ಕೊಟ್ಟಿತು. ಆ ಅನಿಲ ಜಾಲಕ್ಕೆ ಹೊಸದಾಗಿ ಸೇರುವ ಪೈಪ್‌ಲೈನ್ ಸುಮಾರು 4,000 ಕಿಲೋಮೀಟರ್. ಕೊಚ್ಚಿಯಿಂದ ಮಂಗಳೂರಿಗೆ ಬಂದ ಗ್ಯಾಸ್ ಪೈಪ್‌ಲೈನ್ 450 ಕಿಲೋಮೀಟರ್. 2021ರ ಜನವರಿಯಲ್ಲಿ ಅದು ಉದ್ಘಾಟನೆಯಾಗುವ ಹೊತ್ತಿಗೆ ಎಷ್ಟು ವರ್ಷ ಹಿಡಿದಿತ್ತು ಎಂದು ನಮ್ಮ ಕಡೆಯ ಎಲ್ಲರಿಗೂ ಗೊತ್ತು. ಅದರ ಒಂಬತ್ತು ಪಟ್ಟು ಉದ್ದವನ್ನು ಮರುಭೂಮಿಯಲ್ಲಿ ಎಳೆಯಲು ಎಷ್ಟು ಕೈ ಬೇಕಾದೀತು, ನೀವೇ ಲೆಕ್ಕ ಹಾಕಿ. ಪೈಪ್ ಮಾಲಿಕನದ್ದು, ಯಂತ್ರ ಗುತ್ತಿಗೆದಾರನದ್ದು. ಜಾಯಿಂಟ್ ಹಾಕುವ ಕೈ ಮಾತ್ರ ನಮ್ಮದು, ನೇಪಾಳದವರದು, ಬಾಂಗ್ಲಾದವರದು, ಪಾಕಿಸ್ತಾನದವರದು, ಫಿಲಿಪೀನ್ಸಿನವರದು.

ಕರಾವಳಿಯ ಹುಡುಗರಿಗೆ ಈ ಕೆಲಸ ಹೊಸದಲ್ಲ. ವರ್ಷಕ್ಕೆ 150 ಲಕ್ಷ ಟನ್ ಸಾಮರ್ಥ್ಯದ ಎಂಆರ್‌ಪಿಎಲ್ ತೈಲ ರಿಫೈನರಿ ನಮ್ಮ ಬೆನ್ನಿಗೇ ಇದೆ. ಮಂಗಳೂರಿನಲ್ಲಿ 15 ಲಕ್ಷ ಟನ್, ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲವನ್ನು ನೆಲದಡಿಯ ಗುಹೆಗಳಲ್ಲಿ ತುಂಬಿಡುವ ವ್ಯವಸ್ಥೆ ಇದೆ. ಇಲ್ಲಿಂದ ಹಾಸನದ ಮೂಲಕ ಬೆಂಗಳೂರಿಗೆ ಪೈಪ್‌ಲೈನ್ ಹೋಗಿದೆ. ರಿಫೈನರಿಯಲ್ಲಿ ರಿಪೇರಿಯ ಶಟ್‌ಡೌನ್ ಬಂತೆಂದರೆ ಸುತ್ತಮುತ್ತಲಿನ ಐಟಿಐ ಹುಡುಗರಿಗೆಲ್ಲ ಹಗಲು ರಾತ್ರಿ ಕೆಲಸ. ಮೊದಲು ಗ್ರೈಂಡಿಂಗ್, ಆಮೇಲೆ ಟ್ಯಾಕ್, ಆಮೇಲೆ ಯಾವನೋ ಹಿರಿಯ ವೆಲ್ಡರ್ ಹೋಲ್ಡರ್ ಕೈಗೆ ಕೊಡುತ್ತಾನೆ. ನಾನು ಕಲಿತದ್ದೂ ಹಾಗೆಯೇ.

ಪೈಪ್‌ಲೈನ್ ವೆಲ್ಡಿಂಗ್ ಎಂದರೆ ಗೇಟು, ಗ್ರಿಲ್ಲು ಮಾಡುವ ಕೆಲಸವಲ್ಲ. ಟೆಸ್ಟಿನಲ್ಲಿ ಪೈಪನ್ನು 45 ಡಿಗ್ರಿ ಓರೆಯಾಗಿ ಬಿಗಿದಿಡುತ್ತಾರೆ. ಅದನ್ನು ತಿರುಗಿಸುವ ಹಾಗಿಲ್ಲ, ವೆಲ್ಡರ್ ತಾನೇ ಬಗ್ಗಿ, ಕೂತು, ಮಲಗಿ ಸುತ್ತ ಬರಬೇಕು. ಇದಕ್ಕೆ ಸಿಕ್ಸ್ ಜಿ ಎನ್ನುತ್ತಾರೆ. ಒಳಗಿನ ರೂಟ್ ಮತ್ತು ಹಾಟ್ ಪಾಸ್ ಎಂಬ ಮೊದಲ ಪದರಗಳನ್ನು ಆರ್ಗಾನ್ ಗ್ಯಾಸಿನ ಟಿಗ್ ವೆಲ್ಡಿಂಗಿನಲ್ಲಿ, ಮೇಲಿನ ಫಿಲ್ಲಿಂಗ್ ಮತ್ತು ಕ್ಯಾಪಿಂಗ್ ಪದರಗಳನ್ನು ಆರ್ಕ್‌ನಲ್ಲಿ ಹೊಡೆಯಬಲ್ಲವನು ಕಾಂಬೋ ವೆಲ್ಡರ್. ಮುಗಿದ ಮೇಲೆ ಎಕ್ಸ್‌ರೇ. ಫಿಲ್ಮಿನಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಕಂಡರೂ, ಅದು ಬಿರುಕಾಗಿದ್ದರೆ, ಫೇಲ್. ಒಳಗೆ ಹರಿಯುವ ಅನಿಲದಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಇದ್ದರಂತೂ ಒಂದು ಕೆಟ್ಟ ಜಾಯಿಂಟ್ ಇಡೀ ಕ್ಯಾಂಪಿನ ಜೀವ ತೆಗೆಯಬಲ್ಲದು. ಇಂಥ ಕೆಲಸ ಕೈವಶವಾಗಲು ವರ್ಷಗಳು ಬೇಕು, ಕಣ್ಣಿನ ಬೆಲೆ ತೆತ್ತು ಕಲಿಯಬೇಕು.

ಈಗ ನಾನು ನೋಡಿದ ಸಂಗತಿಗೆ ಬರುತ್ತೇನೆ. ಕಂಪನಿಯ ಹೆಸರನ್ನಾಗಲೀ ಏಜೆಂಟನ ಹೆಸರನ್ನಾಗಲೀ ಇಲ್ಲಿ ಬರೆಯುವುದಿಲ್ಲ. ಇಬ್ಬರು ಹುಡುಗರು ಇನ್ನೂ ಅಲ್ಲಿದ್ದಾರೆ.

ಕಳೆದ ವರ್ಷ ನನ್ನ ಶೆಡ್ಡಿನಲ್ಲಿ ಪ್ರಾಕ್ಟೀಸ್ ಮಾಡಿದ ಐದು ಮಂದಿಗೆ ಒಬ್ಬ ಏಜೆಂಟ್ ಮುಂಬೈಯಲ್ಲಿ ಟ್ರೇಡ್ ಟೆಸ್ಟ್ ಗೊತ್ತುಮಾಡಿದ. ಐವರೂ ಪಾಸಾದರು. ಸಿಕ್ಸ್ ಜಿ ಕಾಂಬೋ ವೆಲ್ಡರ್, ತಿಂಗಳಿಗೆ 2,400 ರಿಯಾಲ್, ಊಟ ವಸತಿ ಕಂಪನಿಯದ್ದು, ಎಂಟು ಗಂಟೆಯ ಮೇಲೆ ಓಟಿ ಎಂದು ಇಂಗ್ಲಿಷಿನಲ್ಲಿ ಒಂದು ಆಫರ್ ಲೆಟರ್ ಕೊಟ್ಟರು. ಅದಕ್ಕೆ ಏಜೆಂಟ್ ತಲಾ ಒಂದೂವರೆ ಲಕ್ಷ ರೂಪಾಯಿ ತೆಗೆದುಕೊಂಡ. ರಶೀದಿ ಇಲ್ಲ. ಒಬ್ಬ ಹುಡುಗನ ತಾಯಿ ಸಹಕಾರಿ ಸಂಘದಲ್ಲಿ ಬಂಗಾರ ಅಡವಿಟ್ಟರು, ಮತ್ತೊಬ್ಬನ ತಂದೆ ಮೀನುಗಾರಿಕೆ ದೋಣಿಯ ಪಾಲು ಮಾರಿದರು.

ಐವರಲ್ಲಿ ಒಬ್ಬ ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಐಟಿಐ ಸೇರಿದವನು. ಅವನ ಪಾಸ್‌ಪೋರ್ಟಿನಲ್ಲಿ ಇಸಿಆರ್, ಅಂದರೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕು, ಎಂದು ಅಚ್ಚಾಗಿತ್ತು. ಏಜೆಂಟ್ ಅದನ್ನು ನೋಡಿದವನೇ ಅವನನ್ನು ಪಟ್ಟಿಯಿಂದ ತೆಗೆದುಹಾಕಿದ. “ನಿನ್ನದು ಇಸಿಆರ್, ಎಮಿಗ್ರೇಷನ್ ಕ್ಲಿಯರೆನ್ಸ್ ಆಗಬೇಕು, ಅಗ್ರಿಮೆಂಟ್ ಅಪ್‌ಲೋಡ್ ಮಾಡಬೇಕು, ಅದೆಲ್ಲ ಕಿರಿಕಿರಿ. ಅವರು ನಾಲ್ವರು ಸಾಕು” ಎಂದನಂತೆ. ಐವರಲ್ಲಿ ಅತ್ಯಂತ ಒಳ್ಳೆಯ ಕೈ ಅವನದೇ. ಮಾನ್ಯ ಸಚಿವರೇ, ಏಜೆಂಟನ ಆ ಮಾತನ್ನು ದಯವಿಟ್ಟು ಗಮನಿಸಿ. ನಿಯಮ ಎಲ್ಲಿದೆಯೋ ಅಲ್ಲಿ ಅವನಿಗೆ ತೊಂದರೆ. ನಿಯಮ ಇಲ್ಲದವರನ್ನು ಅವನು ಆರಿಸಿಕೊಂಡ.

ಉಳಿದ ನಾಲ್ವರು ವಿಮಾನ ಹತ್ತಿದರು. ದಮ್ಮಾಮಿನಲ್ಲಿ ಇಳಿದ ಮೇಲೆ ಅರಬ್ಬಿಯಲ್ಲಿದ್ದ ಕಾಗದಕ್ಕೆ ಸಹಿ ಹಾಕಿಸಿದರು. ಅದರಲ್ಲಿ ಏನಿದೆ ಎಂದು ಕೇಳಿದ್ದಕ್ಕೆ “ಅದೇ ಅಗ್ರಿಮೆಂಟ್, ಅರಬ್ಬಿ ಕಾಪಿ” ಎಂದರಂತೆ. ಮೊದಲ ತಿಂಗಳ ಸಂಬಳ ಬಂದ ದಿನ ಒಬ್ಬ ನನಗೆ ಫೋನ್ ಮಾಡಿದ. “ಅಣ್ಣಾ, ಇಕಾಮಾದಲ್ಲಿ ನಮ್ಮದು ಆಮಿಲ್ ಅಂತ ಉಂಟು. ಆಮಿಲ್ ಅಂದ್ರೆ ಲೇಬರ್ ಅಂತೆ. ಸಂಬಳ ಸಾವಿರದ ಐನೂರು. ಆದ್ರೆ ಹೊಡೆಯುವುದು ಮಾತ್ರ ಪೈಪ್ ಜಾಯಿಂಟೇ. ಇನ್ನು ಎಂತ ಮಾಡುವುದು?” ಎಂದ. ಇಕಾಮಾ ಎಂದರೆ ಅಲ್ಲಿ ವಾಸಿಸಲು ಕೊಡುವ ಪರವಾನಗಿ. ಪಾಸ್‌ಪೋರ್ಟ್ ಕ್ಯಾಂಪ್ ಆಫೀಸಿನ ಕಪಾಟಿನಲ್ಲಿತ್ತು. ದಿನಕ್ಕೆ ಹನ್ನೆರಡು ಗಂಟೆ ಕೆಲಸ, ಓಟಿಯ ಲೆಕ್ಕವೇ ಇಲ್ಲ. ಬಿಟ್ಟು ಬರುತ್ತೇವೆಂದರೆ ವೀಸಾ ಖರ್ಚು ಕಟ್ಟಿ ಹೋಗಿ ಎಂದು ಉತ್ತರ.

ಸೌದಿಯ ಕಾರ್ಮಿಕ ಕಾನೂನಿನ 40ನೇ ವಿಧಿ ಓದಿ ನೋಡಿ. ಕೆಲಸಗಾರನನ್ನು ಕರೆಸಿಕೊಳ್ಳುವ ಖರ್ಚು, ಇಕಾಮಾ ಶುಲ್ಕ, ಕೆಲಸದ ಪರವಾನಗಿ ಶುಲ್ಕ, ಕರಾರು ಮುಗಿದಾಗ ಊರಿಗೆ ಹೋಗುವ ಟಿಕೆಟ್, ಎಲ್ಲವೂ ಮಾಲಿಕನ ಮೇಲೆ. ಪಾಸ್‌ಪೋರ್ಟ್ ಹಿಡಿದಿಟ್ಟುಕೊಳ್ಳುವುದಕ್ಕೂ ಅಲ್ಲಿನ ಕಾನೂನಿನಲ್ಲಿ ಅವಕಾಶವಿಲ್ಲ. 2021ರ ಮಾರ್ಚ್‌ನಿಂದ ಕೆಲಸ ಬದಲಿಸಲು, ದೇಶ ಬಿಡಲು ಇದ್ದ ಕಟ್ಟುಪಾಡುಗಳನ್ನು ಆ ಸರ್ಕಾರ ಸಡಿಲಿಸಿದೆ. ಕಿವಾ ಎಂಬ ಸರ್ಕಾರಿ ಜಾಲತಾಣದಲ್ಲಿ ಪ್ರತಿ ಕರಾರನ್ನೂ ದಾಖಲಿಸುವ ಏರ್ಪಾಡು ಮಾಡಿದೆ, ಕೆಲಸಗಾರ ತನ್ನ ಕರಾರನ್ನು ಅಲ್ಲಿ ನೋಡಿಕೊಳ್ಳಬಹುದು. ಅಂದರೆ ಅಲ್ಲಿ ಕಾನೂನು ಇಲ್ಲವೆಂದಲ್ಲ. ಆದರೆ ಸುರತ್ಕಲಿನಲ್ಲಿ ಕೊಟ್ಟ ಮಾತನ್ನು ಹಿಡಿದು ದಮ್ಮಾಮಿನಲ್ಲಿ ಪ್ರಶ್ನೆ ಕೇಳಬೇಕಾದರೆ ಆ ಮಾತು ಎಲ್ಲಾದರೂ ಸರ್ಕಾರಿ ದಾಖಲೆಯಲ್ಲಿ ಇರಬೇಕಲ್ಲ? ಅದು ಇರಲಿಲ್ಲ. ಹುಡುಗರ ತಂದೆಯರನ್ನು ಕರೆದುಕೊಂಡು ನಾನೇ ಒಂದು ಸರ್ಕಾರಿ ಕಚೇರಿಗೆ ಹೋದೆ. ಕಂಪ್ಯೂಟರಿನಲ್ಲಿ ಹುಡುಕಿದ ಸಿಬ್ಬಂದಿ ಮರ್ಯಾದೆಯಿಂದಲೇ ಹೇಳಿದರು: “ಇವರದ್ದು ಇಸಿಆರ್ ಅಲ್ಲ. ಹಾಗಾಗಿ ನಮ್ಮಲ್ಲಿ ಇವರ ರೆಕಾರ್ಡೇ ಇಲ್ಲ.”

ಈ ಇಸಿಆರ್ ವಿಚಾರ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ, ಆದ್ದರಿಂದ ಬಿಡಿಸಿ ಹೇಳುತ್ತೇನೆ. 1983ರ ಎಮಿಗ್ರೇಷನ್ ಕಾಯ್ದೆಯ ಅಡಿಯಲ್ಲಿ 18 ದೇಶಗಳಿಗೆ ಕೆಲಸಕ್ಕೆ ಹೋಗುವ, ಹತ್ತನೇ ಕ್ಲಾಸ್ ಪಾಸಾಗದ ಕಾರ್ಮಿಕನಿಗೆ ಸರ್ಕಾರದ ಅನುಮತಿ ಬೇಕು. ಅನುಮತಿ ಸಿಗಬೇಕಾದರೆ ಅವನ ಕರಾರು ಇ-ಮೈಗ್ರೇಟ್‌ನಲ್ಲಿ ದಾಖಲಾಗಬೇಕು, ಮಾಲಿಕನ ವಿವರ ಇರಬೇಕು, ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಮಾಡಿಸಬೇಕು. ಎರಡು ವರ್ಷಕ್ಕೆ 275 ರೂಪಾಯಿ ಕಟ್ಟಿದರೆ ಅಪಘಾತದಲ್ಲಿ ಸತ್ತಾಗ ಅಥವಾ ಶಾಶ್ವತ ಅಂಗವಿಕಲನಾದಾಗ 10 ಲಕ್ಷ ರೂಪಾಯಿ ಸಿಗುವ ವಿಮೆ ಅದು. ಒಳ್ಳೆಯ ಯೋಜನೆ. ಹತ್ತನೇ ಕ್ಲಾಸ್ ಪಾಸಾಗಿದ್ದರೆ ಇದ್ಯಾವುದರ ಕಡ್ಡಾಯವೂ ಇಲ್ಲ. ವೀಸಾ ಮತ್ತು ಟಿಕೆಟ್ ಹಿಡಿದುಕೊಂಡು ಬಜ್ಪೆಯಲ್ಲಿ ವಿಮಾನ ಹತ್ತಬಹುದು.

ಓದಿದವನು ತನ್ನನ್ನು ತಾನು ನೋಡಿಕೊಳ್ಳುತ್ತಾನೆ ಎಂಬ ನಂಬಿಕೆ ಈ ನಿಯಮದ ಹಿಂದಿದೆ. ಇಂಜಿನಿಯರಿಗೆ, ಬ್ಯಾಂಕಿನವರಿಗೆ ಅದು ಸರಿಯಿರಬಹುದು. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಿ, ಒಂದು ವರ್ಷ ವೆಲ್ಡರ್ ಟ್ರೇಡ್ ಮಾಡಿದ ಇಪ್ಪತ್ತೊಂದರ ಹುಡುಗ ಅರಬ್ಬಿ ಕರಾರನ್ನು ಓದುವುದು ಹೇಗೆ? ಅವನಿಗೂ ಒಂಬತ್ತನೇ ಕ್ಲಾಸ್ ಓದಿದ ಅವನ ಗೆಳೆಯನಿಗೂ ಈ ವಿಷಯದಲ್ಲಿ ಏನೂ ವ್ಯತ್ಯಾಸವಿಲ್ಲ. ಇಬ್ಬರೂ ಒಂದೇ ಕಂದಕದಲ್ಲಿ ಇಳಿದು ಒಂದೇ ಪೈಪಿಗೆ ಜಾಯಿಂಟ್ ಹೊಡೆಯುವವರು.

ಸರ್ಕಾರಕ್ಕೆ ಇದು ತಿಳಿಯದ್ದೇನಲ್ಲ. 2018ರ ನವೆಂಬರಿನಲ್ಲಿ ವಿದೇಶಾಂಗ ಸಚಿವಾಲಯವೇ ಒಂದು ಆದೇಶ ಹೊರಡಿಸಿತ್ತು. 2019ರ ಜನವರಿ 1ರಿಂದ ಇಸಿಆರ್ ಅಲ್ಲದ ಪಾಸ್‌ಪೋರ್ಟಿನವರು ಕೂಡ ಈ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಆನ್‌ಲೈನ್ ನೋಂದಣಿ ಮಾಡಿಸಲೇಬೇಕು ಎಂದಿತ್ತು. ಜಾರಿಗೆ ಬರುವ ಮೊದಲೇ ಅದನ್ನು ತಡೆಹಿಡಿಯಲಾಯಿತು, ನೋಂದಣಿ ಇಷ್ಟವಿದ್ದವರಿಗೆ ಎಂದಾಯಿತು. ನೋಂದಾಯಿಸದವರನ್ನು ವಿಮಾನ ನಿಲ್ದಾಣದಲ್ಲಿ ಇಳಿಸುತ್ತಾರೆ ಎಂದು ಆಗ ಗಲ್ಫಿನಲ್ಲಿದ್ದ ನಮ್ಮವರಲ್ಲೇ ದೊಡ್ಡ ಆತಂಕ ಹುಟ್ಟಿತ್ತು. ಆ ಆತಂಕದಲ್ಲಿ ನ್ಯಾಯವಿತ್ತು. ದಂಡನೆ ಬೀಳಬೇಕಾದದ್ದು ಕಾರ್ಮಿಕನ ಮೇಲಲ್ಲ. ಹಾಗಿದ್ದರೆ ನೋಂದಣಿಯ ಹೊಣೆಯನ್ನು ಏಜೆಂಟನ ಮೇಲೆ, ಮಾಲಿಕನ ಮೇಲೆ ಹಾಕಿ ಆದೇಶವನ್ನು ತಿದ್ದಬಹುದಿತ್ತು. ಅದನ್ನು ಮಾಡದೆ ಆದೇಶವನ್ನೇ ಬದಿಗಿಟ್ಟದ್ದು ತಪ್ಪು ಎಂದು ನಾನು ವಿನಯದಿಂದಲೇ, ಆದರೆ ಗಟ್ಟಿಯಾಗಿ ಹೇಳಬೇಕಾಗಿದೆ.

ಪೈಪ್‌ಲೈನಿನ ಒಂದು ಪದ್ಧತಿಯನ್ನು ತಮ್ಮ ಗಮನಕ್ಕೆ ತರುತ್ತೇನೆ. ಪ್ರತಿ ವೆಲ್ಡರಿಗೂ ಸೈಟಿನಲ್ಲಿ ಒಂದು ನಂಬರ್ ಕೊಡುತ್ತಾರೆ. ಜಾಯಿಂಟ್ ಮುಗಿದ ಕೂಡಲೇ ಅದರ ಪಕ್ಕದಲ್ಲಿ ಪೈಂಟ್ ಮಾರ್ಕರಿನಿಂದ ಜಾಯಿಂಟ್ ನಂಬರ್, ವೆಲ್ಡರ್ ನಂಬರ್, ತಾರೀಕು ಬರೆಯಬೇಕು. ಅದೇ ನಂಬರ್ ಎಕ್ಸ್‌ರೇ ವರದಿಯಲ್ಲಿ, ವೆಲ್ಡ್ ಮ್ಯಾಪಿನಲ್ಲಿ, ಕೊನೆಗೆ ಹಸ್ತಾಂತರದ ಕಡತದಲ್ಲಿ ಸೇರುತ್ತದೆ. ಇಪ್ಪತ್ತು ವರ್ಷದ ನಂತರ ಮರಳಿನ ಕೆಳಗೆ ಒಂದು ಕಡೆ ಸೋರಿದರೂ ಆ ಜಾಯಿಂಟನ್ನು ಹೊಡೆದವನು ಯಾರು, ರೂಟ್ ಹಾಕಿದವನು ಯಾರು, ಕ್ಯಾಪ್ ಹಾಕಿದವನು ಯಾರು ಎಂದು ತೆಗೆದು ನೋಡಬಹುದು. ಕಬ್ಬಿಣದ ಕೊಳವೆಗೆ ಇಷ್ಟು ಜೋಪಾನ. ಅದನ್ನು ಬೆಸೆದ ಹುಡುಗ ಯಾವ ಕರಾರಿನ ಮೇಲೆ, ಯಾವ ಸಂಬಳಕ್ಕೆ, ಯಾರ ಮೂಲಕ ದೇಶ ಬಿಟ್ಟ ಎಂಬ ಒಂದು ಸಾಲು ನಮ್ಮ ಸರ್ಕಾರದ ಬಳಿ ಇಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ದುಡ್ಡಿನ ವಿಷಯಕ್ಕೆ ಬಂದರೆ, ನೋಂದಾಯಿತ ಏಜೆಂಟ್ ಒಬ್ಬ ಕಾರ್ಮಿಕನಿಂದ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ, ಜಿಎಸ್‌ಟಿ ಸೇರಿ 35,400. ಅದೂ ರಶೀದಿ ಕೊಟ್ಟು. ಒಂದೂವರೆ ಲಕ್ಷ ಎನ್ನುವುದು ಊರಲ್ಲಿ ಈಗ ಗುಟ್ಟಿನ ರೇಟೂ ಅಲ್ಲ, ಬಸ್ ಸ್ಟ್ಯಾಂಡಿನಲ್ಲಿ ನಿಂತು ಮಾತಾಡುವ ರೇಟು. ಅಷ್ಟಾದರೂ ಯಾಕೆ ಯಾರೂ ಹೆದರುವುದಿಲ್ಲ? 1983ರ ಕಾಯ್ದೆಯ 24ನೇ ಕಲಮು ನೋಡಿದರೆ ಗೊತ್ತಾಗುತ್ತದೆ. ಎರಡು ವರ್ಷದವರೆಗೆ ಜೈಲು, ಜೊತೆಗೆ 2,000 ರೂಪಾಯಿವರೆಗೆ ದಂಡ. ಎರಡು ಸಾವಿರ ರೂಪಾಯಿ ಇವತ್ತು ಏಜೆಂಟನ ಕಾರಿನ ಒಂದು ದಿನದ ಪೆಟ್ರೋಲಿಗೆ ಸಾಲದು. ಜೈಲಿಗೆ ಹೋದವರನ್ನು ನಮ್ಮ ಕಡೆ ನಾನಂತೂ ಕಂಡಿಲ್ಲ.

ಆ ದುಡ್ಡು ಪೂರ್ತಿ ಇಲ್ಲಿನ ಏಜೆಂಟನ ಜೇಬಿಗೇ ಹೋಗುತ್ತದೆ ಎಂದೂ ಅಲ್ಲ. ಮೇಲೆ ಒಂದು ದೊಡ್ಡ ಕಂಪನಿ ಗುತ್ತಿಗೆ ಹಿಡಿಯುತ್ತದೆ. ಅದು ಪೈಪ್‌ಲೈನಿನ ಭಾಗವನ್ನು ಇನ್ನೊಬ್ಬನಿಗೆ ಕೊಡುತ್ತದೆ. ಅವನು ವೆಲ್ಡರುಗಳಿಗಾಗಿ ಮ್ಯಾನ್‌ಪವರ್ ಸಪ್ಲೈ ಕಂಪನಿಯನ್ನು ಹಿಡಿಯುತ್ತಾನೆ. ಸಪ್ಲೈಯವನು ವೀಸಾಗಳನ್ನು ಮುಂಬೈಗೆ ಮಾರುತ್ತಾನೆ, ಮುಂಬೈಯವನು ಊರಿನ ಸಬ್ ಏಜೆಂಟಿಗೆ. ಮೇಲಿನ ಕಂಪನಿ ಒಂದು ಗಂಟೆಯ ವೆಲ್ಡಿಂಗಿಗೆ ಒಂದು ದರ ಕೊಡುತ್ತದೆ, ಹುಡುಗನ ಕೈಗೆ ಬರುವ ಹೊತ್ತಿಗೆ ಅದರ ತಲೆ ಬಾಲ ಎರಡೂ ಹೋಗಿರುತ್ತದೆ. ಫೋರ್‌ಮನ್ ಆಗಿದ್ದಾಗ ಟೈಮ್ ಶೀಟಿಗೆ ಸಹಿ ಹಾಕುತ್ತಿದ್ದವನು ನಾನೇ, ಹಾಗಾಗಿ ಈ ಮಾತು ಊಹೆಯಿಂದ ಹೇಳಿದ್ದಲ್ಲ. ನೇರವಾಗಿ ಬಂದು ಟೆಸ್ಟ್ ಮಾಡಿ, ಒಂದು ಪೈಸೆ ಕೇಳದೆ ಕರೆದುಕೊಂಡು ಹೋದ ಕಂಪನಿಗಳನ್ನೂ ಕಂಡಿದ್ದೇನೆ. ಅಲ್ಲಿಗೆ ಹೋದ ಹುಡುಗರು ಮನೆ ಕಟ್ಟಿಸಿದ್ದಾರೆ, ತಂಗಿಯರ ಮದುವೆ ಮಾಡಿದ್ದಾರೆ. ಹೋಗಬೇಡಿ ಎಂದು ಹೇಳುವವನು ನಾನಲ್ಲ. ಗಲ್ಫ್ ದುಡಿಮೆ ಇಲ್ಲದಿದ್ದರೆ ನಮ್ಮ ಎಷ್ಟೋ ಮನೆಗಳಲ್ಲಿ ಒಲೆ ಉರಿಯುತ್ತಿರಲಿಲ್ಲ.

ಸಂಬಳದ ವಿಷಯದಲ್ಲಿ ಸರ್ಕಾರವೇ ಒಮ್ಮೆ ಕೈ ಬಿಟ್ಟದ್ದನ್ನೂ ಹೇಳಬೇಕು. ಗಲ್ಫ್ ದೇಶಗಳಿಗೆ ಹೋಗುವ ಕಾರ್ಮಿಕರಿಗೆ ಕನಿಷ್ಠ ಇಷ್ಟು ಸಂಬಳ ಇರಬೇಕೆಂದು ಭಾರತ ಸರ್ಕಾರ ಒಂದು ಮಟ್ಟ ಗೊತ್ತುಮಾಡಿದೆ. ಕೋವಿಡ್ ಕಾಲದಲ್ಲಿ, 2020ರ ಸೆಪ್ಟೆಂಬರಿನಲ್ಲಿ, ಆ ಮಟ್ಟವನ್ನು ಶೇ 30ರಿಂದ 50ರಷ್ಟು ಇಳಿಸಲಾಯಿತು. ಕಾರ್ಮಿಕರ ಪರವಾಗಿ ಕೂಗೆದ್ದ ಮೇಲೆ 2021ರ ಜುಲೈಯಲ್ಲಿ ಆ ಇಳಿಕೆಯನ್ನು ಹಿಂತೆಗೆದುಕೊಂಡರು. ಅಷ್ಟರಲ್ಲಿ ಕಡಿಮೆ ಸಂಬಳದ ಕರಾರಿಗೆ ಸಹಿ ಹಾಕಿ ಹೋದವರ ಗತಿ ಏನಾಯಿತೋ ಕೇಳಿದವರಿಲ್ಲ.

ಜೀವದ ಪ್ರಶ್ನೆಯೂ ಇದೆ. ಹೈಡ್ರೋಜನ್ ಸಲ್ಫೈಡ್ ಅನಿಲ ಕೊಳೆತ ಮೊಟ್ಟೆಯಂತೆ ನಾರುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೆ ಗಾಳಿಯಲ್ಲಿ ಅದರ ಪ್ರಮಾಣ ಹತ್ತು ಲಕ್ಷಕ್ಕೆ ನೂರು ಭಾಗ ದಾಟಿದರೆ ಮೂಗು ವಾಸನೆ ಹಿಡಿಯುವುದನ್ನೇ ನಿಲ್ಲಿಸುತ್ತದೆ. ವಾಸನೆ ಹೋಯಿತು, ಅಪಾಯವೂ ಹೋಯಿತು ಎಂದುಕೊಂಡವನು ಕುಸಿದು ಬೀಳುತ್ತಾನೆ. ಇದನ್ನು ಊರಿನಲ್ಲೇ ಕಲಿಸಿ ಕಳಿಸಬೇಕು, ಕನ್ನಡದಲ್ಲಿ ಕಲಿಸಬೇಕು. ಸೌದಿಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬ ನಿಯಮವಿದೆ. ಆದರೆ ತೈಲ, ಅನಿಲ ಕಂಪನಿಗಳ ಕೆಲಸಗಾರರಿಗೆ ಅದರಿಂದ ವಿನಾಯಿತಿ ಕೊಡುತ್ತಾ ಬಂದಿದ್ದಾರೆ. ಚರ್ಮದ ಜಾಕೆಟ್ ತೊಟ್ಟು, ಮುಖಕ್ಕೆ ಹೆಲ್ಮೆಟ್ ಇಳಿಸಿ, ಕಾದ ಪೈಪಿನ ಪಕ್ಕ ಮಂಡಿಯೂರಿದವನಿಗೇ ಆ ರಕ್ಷಣೆ ಎಲ್ಲರಿಗಿಂತ ಹೆಚ್ಚು ಬೇಕು. ಎರಡು ಸರ್ಕಾರಗಳ ಮಾತುಕತೆಯಲ್ಲಿ ಇದು ಒಂದು ವಿಷಯವಾಗಿ ಮೇಜಿನ ಮೇಲೆ ಬರಬೇಕು.

2024ರ ಜೂನ್ 12ರಂದು ಕುವೈತ್‌ನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು ನಮ್ಮ ದೇಶದ 40ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಕಲಬುರಗಿ ಜಿಲ್ಲೆಯವರೂ ಒಬ್ಬರಿದ್ದರು. ವಾಯುಪಡೆಯ ವಿಮಾನದಲ್ಲಿ ಶವಗಳನ್ನು ಕೊಚ್ಚಿಗೆ ತಂದಿರಿ, ಆ ದಿನ ಸರ್ಕಾರ ಚುರುಕಾಗಿ ನಡೆದುಕೊಂಡಿತು, ಅದನ್ನು ನಾವು ಮರೆತಿಲ್ಲ. ಆ ಚುರುಕನ್ನು ಹುಡುಗರು ಬದುಕಿರುವಾಗಲೂ ಕೇಳುತ್ತಿದ್ದೇವೆ. ಒಬ್ಬ ಸತ್ತಾಗ ಅವನಿಗೆ ವಿಮೆ ಇದೆಯೇ ಎಂಬ ಪ್ರಶ್ನೆಗೆ ಅವನು ಶಾಲೆಯಲ್ಲಿ ಎಷ್ಟನೇ ಕ್ಲಾಸ್ ಓದಿದ್ದ ಎಂಬುದು ಉತ್ತರವಾಗಬಾರದು.

ಈಗ ರಾಜ್ಯದ ಮಾನ್ಯ ಸಚಿವರಿಗೆ ಕೆಲವು ಮಾತು. 150 ಐಟಿಐಗಳನ್ನು ಸುಮಾರು 4,700 ಕೋಟಿ ರೂಪಾಯಿ ವೆಚ್ಚದಲ್ಲಿ ಮೇಲ್ದರ್ಜೆಗೇರಿಸಿ 2022ರ ಜೂನ್‌ನಲ್ಲಿ ಉದ್ಘಾಟಿಸಲಾಯಿತು. ಸಂತೋಷ. ಆದರೆ ವೆಲ್ಡರ್ ಟ್ರೇಡ್ ಮುಗಿಸಿ ನನ್ನ ಶೆಡ್ಡಿಗೆ ಬರುವ ಹುಡುಗರನ್ನು ಓರೆ ಪೈಪಿನ ಮುಂದೆ ಕೂರಿಸಿದರೆ ಅರ್ಧಕ್ಕರ್ಧ ಮಂದಿಗೆ ಟಿಗ್ ಟಾರ್ಚ್ ಹಿಡಿದ ಅಭ್ಯಾಸವೇ ಸರಿಯಾಗಿ ಇರುವುದಿಲ್ಲ. ಅದು ಅವರ ತಪ್ಪಲ್ಲ, ಮೇಷ್ಟರ ತಪ್ಪೂ ಅಲ್ಲ. ಆರ್ಗಾನ್ ಸಿಲಿಂಡರ್, ಫಿಲ್ಲರ್ ರಾಡ್, ಪೈಪ್ ತುಂಡು ಎಲ್ಲಕ್ಕೂ ದುಡ್ಡು ಬೇಕು. ಒಂದು ಟೆಸ್ಟ್ ಪೀಸ್ ಹೊಡೆದ ಮೇಲೆ ಆ ಪೈಪ್ ಗುಜರಿಗೆ. ಒಬ್ಬ ಹುಡುಗನ ಕೈ ಸಿಕ್ಸ್ ಜಿಗೆ ಕೂರಬೇಕಾದರೆ ಅಂಥ ತುಂಡುಗಳ ರಾಶಿಯೇ ಬೀಳಬೇಕು. ಶೆಡ್ಡಿನಲ್ಲಿ ನಾನು ರಿಫೈನರಿ ಕೆಲಸದಿಂದ ಬಂದ ಹಳೆ ಪೈಪುಗಳನ್ನು ಗುಜರಿಯವರಿಂದ ಕೊಂಡು, ಕತ್ತರಿಸಿ, ಬೆವೆಲ್ ಹೊಡೆಸಿ ಅಭ್ಯಾಸ ಮಾಡಿಸುತ್ತೇನೆ. ಸರ್ಕಾರ ಮನಸ್ಸು ಮಾಡಿದರೆ ಇದನ್ನು ನೂರು ಪಾಲು ಚೆನ್ನಾಗಿ ಮಾಡಬಹುದು.

ನಮ್ಮ ಬೇಡಿಕೆ ಇಷ್ಟು: ಮಂಗಳೂರಿನಲ್ಲಿ ಒಂದು, ಕಲಬುರಗಿಯಲ್ಲಿ ಒಂದು ಪೈಪ್ ವೆಲ್ಡಿಂಗ್ ಕೇಂದ್ರ ತೆರೆಯಿರಿ. ಎಕ್ಸ್‌ರೇ ಪರೀಕ್ಷೆಯ ಸೌಲಭ್ಯ ಅಲ್ಲೇ ಇರಲಿ. ಪೈಪ್ ಫಿಟ್ಟರ್, ರಿಗ್ಗರ್, ಸ್ಕ್ಯಾಫೋಲ್ಡರ್ ಕೆಲಸಗಳನ್ನೂ ಕಲಿಸಿ, ಅನಿಲ ಸುರಕ್ಷತೆಯ ತರಬೇತಿ ಕಡ್ಡಾಯ ಮಾಡಿ. ಸೌದಿಯವರು ಈಗ ವೆಲ್ಡರ್, ಪ್ಲಂಬರ್, ಎಲೆಕ್ಟ್ರಿಷಿಯನ್ ಮುಂತಾದವರಿಗೆ ನಮ್ಮ ದೇಶದಲ್ಲೇ ಕೌಶಲ್ಯ ಪರೀಕ್ಷೆ ನಡೆಸುತ್ತಿದ್ದಾರೆ. ಆ ಪರೀಕ್ಷೆ ಮಂಗಳೂರಿನಲ್ಲೇ ನಡೆಯುವ ಹಾಗೆ ಮಾಡಿದರೆ ಹುಡುಗರು ಮುಂಬೈಗೆ ಹೋಗಿ ಏಜೆಂಟನ ಲಾಡ್ಜಿನಲ್ಲಿ ಬಿದ್ದುಕೊಳ್ಳುವುದು ತಪ್ಪುತ್ತದೆ. ಕೇರಳ ಸರ್ಕಾರ 1977ರಲ್ಲೇ ಒಡೆಪೆಕ್ ಎಂಬ ಸಂಸ್ಥೆ ಕಟ್ಟಿ ತನ್ನವರನ್ನು ತಾನೇ ವಿದೇಶದ ಕೆಲಸಕ್ಕೆ ಕಳಿಸುತ್ತಿದೆ. ತಮಿಳುನಾಡು 1978ರಲ್ಲಿ ಅಂಥದ್ದೇ ನಿಗಮ ಮಾಡಿಕೊಂಡಿತು. ನಮ್ಮಲ್ಲೂ ಕೌಶಲ್ಯ ನಿಗಮದ ಅಡಿಯಲ್ಲಿ ಇಂಟರ್‌ನ್ಯಾಷನಲ್ ಮೈಗ್ರೇಷನ್ ಸೆಂಟರ್ ಇದೆ. ಆದರೆ ನನ್ನ ಶೆಡ್ಡಿಗೆ ಬಂದ ಹುಡುಗರಲ್ಲಿ ಅದರ ಹೆಸರು ಕೇಳಿದವನು ಒಬ್ಬನೂ ಸಿಕ್ಕಿಲ್ಲ. ಊರಿನ ಏಜೆಂಟನ ಮನೆ ಎಲ್ಲರಿಗೂ ಗೊತ್ತು, ಸರ್ಕಾರದ ಬಾಗಿಲು ಯಾರಿಗೂ ಗೊತ್ತಿಲ್ಲ ಎಂದಾದರೆ ಅದನ್ನು ಸರಿಪಡಿಸುವ ಹೊಣೆ ತಮ್ಮದು. ಪೈಪ್‌ಲೈನ್ ಗುತ್ತಿಗೆದಾರರ ಜೊತೆ ಆ ಕೇಂದ್ರವೇ ನೇರವಾಗಿ ಮಾತಾಡಲಿ, ಬೇಕಾದ ವೆಲ್ಡರುಗಳನ್ನು ಮಾಲಿಕನ ಖರ್ಚಿನಲ್ಲೇ ಕಳಿಸಲಿ.

ವಿದೇಶಾಂಗ ಸಚಿವರಲ್ಲಿ ಕೇಳಿಕೊಳ್ಳುವುದು ಕಾನೂನಿನ ಬಗ್ಗೆ. 1983ರ ಕಾಯ್ದೆ ಬದಲಿಸಲು 2019ರಲ್ಲಿ ಒಂದು ಕರಡು ಬಂತು, 2021ರಲ್ಲಿ ಒಂದು ಬಂತು, 2025ರಲ್ಲಿ ಮತ್ತೊಂದನ್ನು ಸಾರ್ವಜನಿಕರ ಮುಂದಿಟ್ಟಿರಿ. ಮೂರನೆಯದಾದರೂ ಕರಡಾಗಿಯೇ ಉಳಿಯದಿರಲಿ. ಅದು ಕಾನೂನಾಗುವಾಗ ಶಾಲೆಯ ಕ್ಲಾಸನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಡಿ. ಕೊಲ್ಲಿ ದೇಶಗಳ ತೈಲ, ಅನಿಲ, ನಿರ್ಮಾಣ ಕೆಲಸಕ್ಕೆ ಹೋಗುವ ಪ್ರತಿಯೊಬ್ಬನ ಕರಾರೂ ದಾಖಲಾಗಲಿ. ದಾಖಲಿಸದಿದ್ದರೆ ಏಜೆಂಟನ ಲೈಸೆನ್ಸ್ ಹೋಗಲಿ, ಹುಡುಗನನ್ನು ವಿಮಾನ ನಿಲ್ದಾಣದಲ್ಲಿ ತಡೆಯಬೇಡಿ. ಇಲ್ಲಿ ದಾಖಲಾದ ಕರಾರಿಗೂ ಅಲ್ಲಿ ಕಿವಾದಲ್ಲಿ ದಾಖಲಾದ ಕರಾರಿಗೂ ಸಂಬಳ, ಹುದ್ದೆ ಎರಡೂ ತಾಳೆಯಾಗಬೇಕು ಎಂದು ಸೌದಿ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಳ್ಳಿ. ಎರಡೂ ಕಡೆ ಕಂಪ್ಯೂಟರಿನಲ್ಲೇ ಇರುವ ಮಾಹಿತಿ, ಹೋಲಿಸುವುದು ಕಷ್ಟವಲ್ಲ. ಕರಾರಿನ ಕನ್ನಡ ಪ್ರತಿ ಹುಡುಗನ ಕೈಗೆ ಬರಬೇಕು. 275 ರೂಪಾಯಿಯ ಆ ವಿಮೆಯನ್ನು ಎಲ್ಲರಿಗೂ ಕಡ್ಡಾಯ ಮಾಡಿ, ಹಣ ಮಾಲಿಕನಿಂದ ಕಟ್ಟಿಸಿ. ದಂಡವನ್ನು ಏಜೆಂಟ್ ಹೆದರುವ ಮಟ್ಟಕ್ಕೆ ಏರಿಸಿ. ಕರಾವಳಿಯಿಂದ ಇಷ್ಟು ಜನ ಗಲ್ಫಿಗೆ ಹೋಗುತ್ತಾರೆ, ದೂರು ಕೊಡಲು ಮಾತ್ರ ಘಟ್ಟ ಹತ್ತಬೇಕು. ವಲಸಿಗರ ಸಂರಕ್ಷಣಾಧಿಕಾರಿಯ ಒಂದು ಕಚೇರಿ ಮಂಗಳೂರಿನಲ್ಲಿ ತೆರೆಯಿರಿ.

ನಾಲ್ವರಲ್ಲಿ ಇಬ್ಬರು ಸಾಲ ಮಾಡಿ ಟಿಕೆಟ್ ತೆಗೆಸಿ ವಾಪಸು ಬಂದಿದ್ದಾರೆ. ಇಬ್ಬರು ಅಲ್ಲೇ ಇದ್ದಾರೆ. ಅವರ ಆಫರ್ ಲೆಟರ್, ಸಂಬಳದ ಚೀಟಿ, ಇಕಾಮಾ ಪ್ರತಿಗಳನ್ನು ಕುಟುಂಬದವರ ಒಪ್ಪಿಗೆಯೊಂದಿಗೆ ತಮ್ಮ ಎರಡೂ ಕಚೇರಿಗಳಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ದಮ್ಮಾಮಿನ ಆ ಕ್ಯಾಂಪಿಗೆ ರಿಯಾದಿನ ನಮ್ಮ ರಾಯಭಾರ ಕಚೇರಿಯಿಂದ ಒಬ್ಬ ಅಧಿಕಾರಿ ಹೋಗಿ ಅವರ ಪಾಸ್‌ಪೋರ್ಟ್ ಬಿಡಿಸಿಕೊಡಬೇಕು, ಬಾಕಿ ಸಂಬಳ ಕೊಡಿಸಬೇಕು. ಕಾನೂನು ಬದಲಾಗಲು ಸಮಯ ಬೇಕು ಎಂದು ನಮಗೆ ಗೊತ್ತಿದೆ. ಈ ಕೆಲಸಕ್ಕೆ ಅಷ್ಟು ಸಮಯ ಬೇಕಾಗಿಲ್ಲ. ಎರಡು ಮನೆಯವರು ತಮ್ಮ ಉತ್ತರಕ್ಕೆ ಕಾಯುತ್ತಿದ್ದಾರೆ.

ಇತಿ, ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ವೆಲ್ಡಿಂಗ್ ಫೋರ್‌ಮನ್
ಬೈಕಂಪಾಡಿ, ಮಂಗಳೂರು